ಕೈ ಆಡಿದರೆ ನಡೆಯುವ ಗಡಿಯಾರ

ಆಟೋಮ್ಯಾಟಿಕ್ ಎಂಬ ಮಾತಿಗೆ ನಾವು ಕನ್ನಡದಲ್ಲಿ ಸ್ವಯಂಚಾಲಿತ ಎಂಬ ಶಬ್ದವನ್ನು ರೂಢಿಸಿಕೊಂಡಿದ್ದೇವೆ. ಇತರ ಯಂತ್ರಗಳ ವಿಷಯದಲ್ಲಿ ಈ ಶಬ್ದವು ಬಹುಮಟ್ಟಿಗೆ ಒಪ್ಪುವಂಥದೇ ಆದರೂ ಕೈಗಡಿಯಾರದ ವಿಷಯದಲ್ಲಿ ಅದು ಒಂದು ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಟ್ಟಿದೆ. ದಿನವೂ ಚಾವಿ ಕೊಡಬೇಕಾಗಿಲ್ಲ, ಬ್ಯಾಟರಿಯ ಹಂಗಿಲ್ಲ. ಆದ್ದರಿಂದ ಗಡಿಯಾರವು ತಾನಾಗಿಯೇ ನಡೆಯುತ್ತದೆ ಎಂದು ಜನ ನಂಬಿದ್ದಾರೆ. ತಾನಾಗಿ ನಡೆಯುವ ಗಡಿಯಾರವನ್ನು ಜಗತ್ತಿನಲ್ಲಿ ಇದುವರೆಗೆ ಯಾರೂ ನಿರ್ಮಿಸಿಲ್ಲ. ಈ ಗಡಿಯಾರಕ್ಕೂ ಚಾವಿ ಬೇಕು. ಆ ಚಾವಿಯನ್ನು ಬೆರಳುಗಳ ಬದಲು ತೋಳು ಕೊಡುತ್ತದೆ, ಅಷ್ಟೇ. ಕಟ್ಟಿಕೊಂಡವನು ನಡೆದರೆ, ಎತ್ತಿದರೆ, ಇಳಿಸಿದರೆ, ಕೈ ಬೀಸಿದರೆ ಗಡಿಯಾರ ನಡೆಯುತ್ತದೆ. ಅವನು ಸುಮ್ಮನೆ ಕುಳಿತರೆ ಒಂದೆರಡು ದಿನಗಳಲ್ಲಿ ನಿಲ್ಲುತ್ತದೆ. ಇದನ್ನು ಧಾರಕಚಾಲಿತ ಎಂದು ಕರೆಯುವುದು ನ್ಯಾಯವಾಗುತ್ತಿತ್ತು. ಆದರೆ ನಾಲಿಗೆಗೆ ತೊಡಕಾಗುವ ಶಬ್ದಗಳನ್ನು ಟಂಕಿಸುವ ಚಟ ನನಗಿಲ್ಲವಾದ್ದರಿಂದ ಜನರ ಬಾಯಲ್ಲಿರುವ ಆಟೋಮ್ಯಾಟಿಕ್ ಎಂಬ ಮಾತನ್ನೇ ಈ ಲೇಖನದಲ್ಲಿ ಬಳಸುತ್ತೇನೆ.

ಸ್ಮರಣ ಸಂಚಿಕೆಯೊಂದಕ್ಕೆ ಇದೆಂಥ ವಿಷಯ ಎಂದು ವಾಚಕರು ಹುಬ್ಬೇರಿಸಬಹುದು. ಕಾರಣವಿದೆ. ನಮ್ಮ ಭಾಗದ ಶಾಲೆಗಳಲ್ಲಿ ನಿವೃತ್ತರಾಗುವ ಗುರುಗಳಿಗೆ ಶಾಲು, ಹಾರ, ಫಲತಾಂಬೂಲಗಳೊಡನೆ ಒಂದು ಕೈಗಡಿಯಾರವನ್ನು ಅರ್ಪಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಮೂವತ್ತು ಮೂವತ್ತೈದು ವರ್ಷ ಘಂಟೆಯ ಶಬ್ದಕ್ಕೆ ಏಳುತ್ತ ಕೂರುತ್ತ ಬಂದ ವ್ಯಕ್ತಿಗೆ, ಇನ್ನು ಘಂಟೆಯ ಗೊಡವೆಯೇ ಇಲ್ಲವೆಂಬ ದಿನ ಗಡಿಯಾರವನ್ನು ಕೊಡುವುದರಲ್ಲಿ ಒಂದು ವಿನೋದವಿದೆ, ಅದು ಹಾಗಿರಲಿ. ಈಚೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಹೊಸದೊಂದು ಉತ್ಸಾಹ ಕಾಣಿಸಿಕೊಂಡಿದೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ತರುಣರು ಹಳೆಯ ಎಚ್‌.ಎಂ.ಟಿ. ಆಟೋಮ್ಯಾಟಿಕ್ ಗಡಿಯಾರಗಳನ್ನು ಹುಡುಕಿ ಕೊಂಡು ತಂದು ತಮ್ಮ ಗುರುಗಳ ಮುಂಗೈಗೆ ಕಟ್ಟುತ್ತಿದ್ದಾರೆ. ಭಕ್ತಿ ದೊಡ್ಡದು. ಕೊಡುವ ವಸ್ತುವಿನ ಸ್ವಭಾವವನ್ನು ತಿಳಿದು ಕೊಟ್ಟರೆ ಆ ಭಕ್ತಿಗೆ ಬೆಲೆ ಬರುತ್ತದೆಂಬುದು ನನ್ನ ಅಭಿಪ್ರಾಯ.

ನಾನು ಕಂಡ ಒಂದು ಪ್ರಸಂಗವನ್ನು ಹೇಳಬೇಕು. ನಮ್ಮ ಹವಳಗಾದ ಆಸುಪಾಸಿನ ಹಿರಿಯ ಶಿಕ್ಷಕರೊಬ್ಬರಿಗೆ ಶಿಷ್ಯರು ಬಂಗಾರದ ಬಣ್ಣದ ಆಟೋಮ್ಯಾಟಿಕ್ ಗಡಿಯಾರವನ್ನು ಸಮಾರಂಭಪೂರ್ವಕವಾಗಿ ಕೊಟ್ಟರು. ಮೊದಲ ತಿಂಗಳು ಅದು ಚೆನ್ನಾಗಿಯೇ ನಡೆಯಿತು. ಊರೂರು ಸುತ್ತಿ ಸನ್ಮಾನಗಳನ್ನು ಸ್ವೀಕರಿಸುವ ಕಾಲ ಅದು. ಮೂರನೆಯ ತಿಂಗಳಿನಿಂದ ಗಡಿಯಾರವು ರಾತ್ರಿ ಎರಡು ಮೂರರ ಹೊತ್ತಿಗೆ ನಿಲ್ಲತೊಡಗಿತು. ಮಗ ಅದನ್ನು ರಿಪೇರಿಯವನ ಹತ್ತಿರ ಒಯ್ದ. ಅವನು ಬಿಚ್ಚಿ, ತೊಳೆದು, ಎಣ್ಣೆಯಿಟ್ಟು, ಹಣ ತೆಗೆದುಕೊಂಡ. ಗಡಿಯಾರ ಮತ್ತೆ ನಿಂತಿತು. ಎರಡನೆಯ ಸಲ ಬೇರೊಬ್ಬನ ಹತ್ತಿರ ಹೋಯಿತು. ಆತ ಅನುಭವಿ, ಅದನ್ನು ಬಿಚ್ಚಲೇ ಇಲ್ಲ. "ಗಡಿಯಾರಕ್ಕ ಏನೂ ಆಗಿಲ್ರಿ. ಅಪ್ಪಾರು ಕಟ್ಟಿ ಬಿಟ್ಟು ಏಳತಾರೇನು?" ಎಂದು ಕೇಳಿದ. ಗುರುಗಳು ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುವವರಾಗಿದ್ದರು. ಪತ್ರಿಕೆಯ ಪುಟ ತಿರುವುವುದು ಬಲಗೈ, ಗಡಿಯಾರವಿದ್ದುದು ಎಡಗೈಗೆ.

ಈ ಎಡಗೈಯ ಸಂಗತಿ ಶಿಕ್ಷಕ ಬಂಧುಗಳು ಯೋಚಿಸಬೇಕಾದದ್ದು. ನಾವು ದಿನವಿಡೀ ದುಡಿಯುತ್ತೇವೆಂದುಕೊಳ್ಳುತ್ತೇವೆ, ದುಡಿಯುತ್ತೇವೆಂಬುದೂ ನಿಜ. ಆದರೆ ಹಲಗೆಯ ಮೇಲೆ ಬರೆಯುವುದು ಬಲಗೈ, ಉತ್ತರಪತ್ರಿಕೆ ತಿದ್ದುವುದು ಬಲಗೈ. ಎಡಗೈ ಪುಸ್ತಕವನ್ನು ಹಿಡಿದು ಸ್ಥಿರವಾಗಿ ನಿಂತಿರುತ್ತದೆ. ಗಡಿಯಾರವನ್ನು ನಡೆಸಲು ಬೇಕಾಗುವ ಚಲನೆ ನಮ್ಮ ವೃತ್ತಿಯಲ್ಲಿ ನಾವೆಣಿಸುವುದಕ್ಕಿಂತ ಕಡಿಮೆ. ಹೊಲದ ರಾಶಿಯಲ್ಲಿ ತೂರುವವರ, ಭೀಮಾತೀರದ ಗದ್ದೆಗಳಲ್ಲಿ ಕಬ್ಬು ಕಡಿಯುವವರ, ಹವಳಗಾದ ಸಕ್ಕರೆ ಕಾರ್ಖಾನೆಗೆ ಹೇರು ಹೊರುವವರ ಕೈಗಳಲ್ಲಿ ಆ ಚಲನೆ ಬೇಕಾದಷ್ಟಿತ್ತು, ಈಗಲೂ ಇದೆ. ಅವರ ಕೈಗೆ ಮಾತ್ರ ಆಟೋಮ್ಯಾಟಿಕ್ ಎಂದೂ ಬರಲಿಲ್ಲ. ಚಾವಿ ಕೊಡುವ ಗಡಿಯಾರಕ್ಕಿಂತ ಅದರ ಬೆಲೆ ಹೆಚ್ಚು. ಅದನ್ನು ಕೊಳ್ಳಬಲ್ಲವರಾಗಿದ್ದವರು ಸಾಹುಕಾರರು, ಅಧಿಕಾರಿಗಳು, ಲೋಡಿಗೆ ಒರಗಿ ಕೂರುವವರು. ತೋಳಿನ ಶ್ರಮದಿಂದ ನಡೆಯುವ ಯಂತ್ರವು ಶ್ರಮವಿಲ್ಲದ ತೋಳುಗಳನ್ನೇ ಆರಿಸಿಕೊಂಡಿತು. (ಕೊಡಲಿ ಸುತ್ತಿಗೆಗಳ ಪೆಟ್ಟನ್ನು ಅದರೊಳಗಿನ ಸೂಕ್ಷ್ಮ ಮೊಳೆಗಳು ಸಹಿಸಲಾರವೆಂಬುದೂ ಹೇಳಬೇಕಾದ ಮಾತೇ.)

ಒಳಗಿನ ವ್ಯವಸ್ಥೆ ಹೀಗಿದೆ. ಗಡಿಯಾರದ ಹಿಂಬದಿಯ ಮುಚ್ಚಳವನ್ನು ತೆಗೆದರೆ ಮೊದಲು ಕಾಣುವುದು ಅರ್ಧಚಂದ್ರಾಕಾರದ ಒಂದು ಲೋಹದ ತುಂಡು. ಅದರ ಹೊರ ಅಂಚು ಭಾರವಾಗಿದ್ದು, ಅದು ನಡುವಿನ ಕೀಲಿನ ಸುತ್ತ ಸರಾಗವಾಗಿ ತಿರುಗುತ್ತದೆ. ಇದಕ್ಕೆ ರೋಟರು ಎಂದು ಹೆಸರು. ನಮ್ಮ ಕಡೆಯ ರಿಪೇರಿಯವರು ಗುಂಡು ಎನ್ನುವುದುಂಟು. ಕೈ ಅಲುಗಿದಾಗ ಗುಂಡು ತನ್ನ ಭಾರದಿಂದ ಕೆಳಮುಖಕ್ಕೆ ಜಾರಲು ನೋಡುತ್ತದೆ. ಆ ಜಾರುವಿಕೆಯೇ ಹಲ್ಲುಚಕ್ರಗಳ ಮೂಲಕ ಮುಖ್ಯ ಸ್ಪ್ರಿಂಗನ್ನು ಸ್ವಲ್ಪ ಸ್ವಲ್ಪವಾಗಿ ಸುತ್ತುತ್ತದೆ. ಕೆಲವು ಮಾದರಿಗಳಲ್ಲಿ ಗುಂಡು ಎರಡೂ ದಿಕ್ಕಿಗೆ ತಿರುಗುವಾಗ ಸುತ್ತುತ್ತದೆ, ಎಚ್‌.ಎಂ.ಟಿ.ಯವರು ಬಳಸಿದ ಸಿಟಿಜನ್ 8200 ಕುಲದ ಯಂತ್ರದಲ್ಲಿ ಒಂದು ದಿಕ್ಕಿನ ತಿರುವು ಮಾತ್ರ ಲೆಕ್ಕಕ್ಕೆ ಬರುತ್ತದೆ, ಇನ್ನೊಂದು ದಿಕ್ಕಿನದು ವ್ಯರ್ಥ. ಸ್ಪ್ರಿಂಗು ಪೂರ್ತಿ ಸುತ್ತಿಕೊಂಡ ಮೇಲೂ ಕೈ ಆಡುತ್ತಲೇ ಇದ್ದರೆ ಅದು ತುಂಡಾಗಬಾರದೆ? ಆಗುವುದಿಲ್ಲ. ಸ್ಪ್ರಿಂಗಿನ ಹೊರತುದಿಯನ್ನು ಅದರ ಡಬ್ಬಿಯ ಗೋಡೆಗೆ ಬಿಗಿದಿರುವುದಿಲ್ಲ, ಒತ್ತಿ ನಿಲ್ಲಿಸಿರುತ್ತಾರೆ. ಬಿಗಿತ ಮಿತಿಮೀರಿದಾಗ ಆ ತುದಿ ಗೋಡೆಯ ಮೇಲೆ ತುಸು ಜಾರಿಬಿಡುತ್ತದೆ. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಸುಮಾರು 40 ಗಂಟೆಗಳ ಶಕ್ತಿಯನ್ನು ಕೂಡಿಟ್ಟುಕೊಂಡು, ಅದಕ್ಕಿಂತ ಹೆಚ್ಚನ್ನು ಅದು ಒಲ್ಲೆನ್ನುತ್ತದೆ.

ಹಾಗೆ ಕೂಡಿದ ಶಕ್ತಿಯನ್ನು ತೂಗುಚಕ್ರವು ಅಳತೆ ಮಾಡಿ ವೆಚ್ಚ ಮಾಡುತ್ತದೆ. ಈ ಕುಲದ ಯಂತ್ರಗಳಲ್ಲಿ ಅದು ಸೆಕೆಂಡಿಗೆ ಆರು ಸಲ, ಗಂಟೆಗೆ 21,600 ಸಲ ಮಿಡಿಯುತ್ತದೆ. ದಿನಕ್ಕೆ 5,18,400. ಮಕ್ಕಳಿಂದ ವರ್ಷದ ಲೆಕ್ಕ ಮಾಡಿಸಿದರೆ 18 ಕೋಟಿ 92 ಲಕ್ಷಕ್ಕೆ ಮೀರುತ್ತದೆ. ಇಷ್ಟು ಮಿಡಿತಕ್ಕೆ ಮೊಳೆಗಳು ಸವೆಯದಿರಲೆಂದೇ ಅವುಗಳ ತುದಿಗಳನ್ನು ಹರಳುಗಳಲ್ಲಿ ಕೂರಿಸುವುದು. 17 ಹರಳು, 21 ಹರಳು ಎಂದು ಮುಖದ ಮೇಲೆ ಬರೆದಿರುವುದನ್ನು ಓದಿ, ಒಳಗೆ ಮಾಣಿಕ್ಯಗಳಿವೆ, ತೆಗೆದು ಮಾರಿದರೆ ಉಂಗುರಕ್ಕಾಗುವಷ್ಟು ಹಣ ಬರುತ್ತದೆ ಎಂದು ನಂಬಿದವರನ್ನು ನಾನು ಬಲ್ಲೆ. ಅವು ಕಾರ್ಖಾನೆಯಲ್ಲಿ ಬೆಳೆಸಿದ ಕೃತಕ ಹರಳುಗಳು. ಅವುಗಳ ಬೆಲೆ ಇರುವುದು ಗಟ್ಟಿತನದಲ್ಲಿ, ಹೊಳಪಿನಲ್ಲಲ್ಲ.

ಈ ಕಲ್ಪನೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಊರಿನ ಅಬ್ರಹಾಂ ಲೂಯಿ ಪೆರ್ರೆಲೆ 1777ರ ಸುಮಾರಿಗೆ ಇಂಥ ಜೇಬುಗಡಿಯಾರವನ್ನು ಮಾಡಿದನೆಂದು ಹೇಳುತ್ತಾರೆ. ಅದೇ ಕಾಲದ ಲಿಯೇಜ್ ನಗರದ ಹ್ಯೂಬರ್ಟ್ ಸಾರ್ತೋನನಿಗೆ ಆ ಕೀರ್ತಿ ಸಲ್ಲಬೇಕೆನ್ನುವವರೂ ಇದ್ದಾರೆ. ಯಾರೇ ಮಾಡಿರಲಿ, ಜೇಬಿನಲ್ಲಿ ನೆಟ್ಟಗೆ ಕುಳಿತ ಗಡಿಯಾರಕ್ಕೆ ಸಾಕಷ್ಟು ಅಲುಗಾಟ ಸಿಗದೆ ಆ ಯುಕ್ತಿ ಬಹುಕಾಲ ಮೂಲೆಗೆ ಬಿದ್ದಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಗಡಿಯಾರವು ಜೇಬಿನಿಂದ ಮುಂಗೈಗೆ ಬಂದ ಮೇಲೆ ಅದಕ್ಕೆ ಮತ್ತೆ ಜೀವ ಬಂದಿತು. ಆ ಜೀವ ತುಂಬಿದವನು ಜಾನ್ ಹಾರ್ವುಡ್ ಎಂಬ ಇಂಗ್ಲಿಷ್ ಗಡಿಯಾರ ರಿಪೇರಿಯವ. ರಿಪೇರಿಗೆ ಬಂದ ಗಡಿಯಾರಗಳ ಕೆಡುಕಿಗೆಲ್ಲ ಮುಖ್ಯ ಕಾರಣ ಧೂಳು ಮತ್ತು ತೇವವೆಂದೂ ಅವು ಒಳಸೇರುವುದು ಚಾವಿ ಕೊಡುವ ತಿರುಪಿನ ಸಂದಿಯಿಂದೆಂದೂ ಆತ ಕಂಡುಕೊಂಡ. ತಿರುಪೇ ಇಲ್ಲದಿದ್ದರೆ ಸಂದಿಯೂ ಇಲ್ಲ! ಈ ಸರಳ ಆಲೋಚನೆಯಿಂದ ಹೊರಟು, ಕೈಚಲನೆಯಿಂದ ಚಾವಿ ಪಡೆಯುವ ಕೈಗಡಿಯಾರಕ್ಕೆ 1924ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ. ಮುಳ್ಳು ಸರಿಪಡಿಸಲು ಗಾಜಿನ ಸುತ್ತಲಿನ ಬಳೆಯನ್ನೇ ತಿರುಗಿಸಬೇಕಾಗಿತ್ತು. ಅವನ ಉದ್ಯಮ ಆರ್ಥಿಕ ಮುಗ್ಗಟ್ಟಿನಲ್ಲಿ ಮುಳುಗಿಹೋಯಿತು. ಗುಂಡು ಪೂರ್ತಿ ಸುತ್ತು ತಿರುಗುವ ಸುಧಾರಿತ ಮಾದರಿಯನ್ನು 1931ರಲ್ಲಿ ರೋಲೆಕ್ಸ್ ಕಂಪನಿ ತಂದಿತು. ಹೆಸರೂ ಹಣವೂ ಅವರದಾಯಿತು.

ನಾನು ಹಾರ್ವುಡ್ಡನ ಕಥೆಯನ್ನು ಇಷ್ಟು ಹೇಳಿದ್ದು ಸುಮ್ಮನಲ್ಲ. ಹೊಸತನ್ನು ಕಂಡವನು ಬೇರೆಯವರ ಕೆಟ್ಟ ಗಡಿಯಾರಗಳನ್ನು ದಿನವೂ ಬಿಚ್ಚಿ ನೋಡುತ್ತಿದ್ದ ರಿಪೇರಿಯವ. ಅವನು ಪಂಡಿತನೂ ಅಲ್ಲ, ಕಾರ್ಖಾನೆಯ ಒಡೆಯನೂ ಅಲ್ಲ. ನಮ್ಮ ಅಫಜಲಪುರ ಸೀಮೆಯ ಎರೆನೆಲದ ಧೂಳನ್ನು ಬಲ್ಲವರಿಗೆ ಅವನ ಮಾತಿನ ಸತ್ಯ ಬೇಗ ತಿಳಿಯುತ್ತದೆ. ಬೇಸಗೆಯ ಸುಳಿಗಾಳಿಯಲ್ಲಿ ಹಿಟ್ಟಿನಂತೆ ಏಳುವ ಆ ಧೂಳು ಪೆಟ್ಟಿಗೆಯೊಳಗಿನ ರೇಷ್ಮೆಯ ಮಡಿಕೆಗೂ ಇಳಿಯುತ್ತದೆ, ಗಡಿಯಾರವೆಷ್ಟರದು? ಆದರೆ ತಾಲ್ಲೂಕಿನ ಬಸ್ ನಿಲ್ದಾಣದ ಮಗ್ಗುಲಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಾಜಿನ ಚಿಕ್ಕ ಪೆಟ್ಟಿಗೆಯ ಹಿಂದೆ ಕುಳಿತಿರುತ್ತಿದ್ದವರು ಈಗ ಎಲ್ಲಿ? ಇರುವವರು ಬ್ಯಾಟರಿ ಬದಲಿಸುತ್ತಾರೆ, ಪಟ್ಟಿ ಹಾಕುತ್ತಾರೆ, ಜೊತೆಗೆ ಮೊಬೈಲಿನ ಗಾಜು ಅಂಟಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ವಿದ್ಯೆಯನ್ನು ಕೇಳುವವರಿಲ್ಲದಾಗ ಕಲಿಸುವವರೂ ಕಲಿಯುವವರೂ ಉಳಿಯುವುದಿಲ್ಲವೆಂಬುದು ಶಾಲೆ ನಡೆಸುವವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಈಗ ಎಚ್‌.ಎಂ.ಟಿ.ಯ ಮಾತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಯಂತ್ರೋಪಕರಣಗಳಿಗಾಗಿ ಆರಂಭವಾದ ಈ ಸರ್ಕಾರಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಕಾರದಿಂದ 1961ರಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಮೊದಲ ತಂಡದ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಿಡುಗಡೆ ಮಾಡಿದರು. ಚಾವಿ ಕೊಡುವ ಜನತಾ, ಪೈಲಟ್ ಮಾದರಿಗಳು ದೇಶದ ಮೂಲೆಮೂಲೆಗೂ ಹೋದವು. 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಕಾರ್ಖಾನೆ ಆರಂಭವಾಯಿತು. ಸಂಸ್ಥೆಯು ಒಟ್ಟು 10 ಕೋಟಿಗೂ ಹೆಚ್ಚು ಗಡಿಯಾರಗಳನ್ನು ತಯಾರಿಸಿತು. ಲಾಲ್‌ಬಾಗಿನಲ್ಲಿ ಹೂಗಿಡಗಳ ನಡುವೆ ತಿರುಗುವ ದೊಡ್ಡ ಗಡಿಯಾರವೂ ಅವರದೇ ಕೊಡುಗೆ.

ಆಟೋಮ್ಯಾಟಿಕ್ ಮಾದರಿಗಳಲ್ಲಿ ಹೆಚ್ಚು ಹೆಸರಾದದ್ದು ಕಾಂಚನ. ವಾರ, ತಾರೀಖುಗಳನ್ನು ತೋರಿಸುವ, ಬಂಗಾರದ ಲೇಪದ ಆ ಗಡಿಯಾರವು ನಮ್ಮ ಮದುವೆಗಳಲ್ಲಿ ವಹಿಸಿದ ಪಾತ್ರವನ್ನು ಮರೆಯುವುದು ಕಷ್ಟ. ವರನ ಕಡೆಯವರು ಸೈಕಲ್ಲು, ರೇಡಿಯೋ, ಗಡಿಯಾರ ಎಂದು ಕೇಳುತ್ತಿದ್ದ ಕಾಲದಲ್ಲಿ ಕಾಂಚನ ಸಿಕ್ಕದೆ ಬೀಗರ ಮುಖ ಬಾಡಿದ ಉದಾಹರಣೆಗಳು ಹಿರಿಯರ ನೆನಪಿನಲ್ಲಿವೆ. ಒಂದು ವಿಪರ್ಯಾಸವನ್ನು ಗಮನಿಸಬೇಕು. ಎಚ್‌.ಎಂ.ಟಿ. ಗಡಿಯಾರ ಹುಟ್ಟಿದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದೂ 1961ರಲ್ಲಿಯೇ. ಹೆಣ್ಣು ಹೆತ್ತವನು ಸಾಲ ಮಾಡಿ ತಂದ ಗಡಿಯಾರವನ್ನು ಕಟ್ಟಿಕೊಂಡು, ಕೈಯನ್ನೇ ಅಲುಗಿಸದ ಅಳಿಯಂದಿರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದರು. ಹಳೆಯದೆಲ್ಲವನ್ನೂ ಕೊಂಡಾಡುವ ಇಂದಿನ ಉತ್ಸಾಹದಲ್ಲಿ ಈ ಬದಿಯನ್ನು ಮರೆಮಾಚಬಾರದು.

ಎಚ್‌.ಎಂ.ಟಿ. ಏಕೆ ನಿಂತಿತು ಎಂಬ ಪ್ರಶ್ನೆಗೆ ಒಂದೊಂದು ಜಗುಲಿಯಲ್ಲಿ ಒಂದೊಂದು ಉತ್ತರ ದೊರೆಯುತ್ತದೆ. ಸರ್ಕಾರದ್ದಾದ್ದರಿಂದ ಕೆಟ್ಟಿತು ಎನ್ನುವವರಿದ್ದಾರೆ. ಖಾಸಗಿಯವರು ಕೆಡಿಸಿದರು ಎನ್ನುವವರೂ ಇದ್ದಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರಿನಲ್ಲಿ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಮಾಡಿದ ಕ್ವಾರ್ಟ್ಸ್ ಹರಳಿನ ಮುಂದೆ ಸೆಕೆಂಡಿಗೆ ಐದಾರು ಸಲ ತೂಗುವ ಚಕ್ರವು ನಿಖರತೆಯಲ್ಲಿ ಸರಿಸಾಟಿಯಾಗಲಾರದು. ಒಳ್ಳೆಯ ಆಟೋಮ್ಯಾಟಿಕ್ ಗಡಿಯಾರವೂ ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದೆ ಮುಂದೆ ಆಗುತ್ತದೆ. ಅಗ್ಗದ ಕ್ವಾರ್ಟ್ಸ್ ತಿಂಗಳಿಗೆ ಅಷ್ಟಾದರೆ ಹೆಚ್ಚು. ಸ್ವಿಟ್ಜರ್ಲೆಂಡಿನಲ್ಲಿಯೇ ಗಡಿಯಾರ ಉದ್ಯಮದ ಕೆಲಸಗಾರರ ಸಂಖ್ಯೆ 1970ರಿಂದ ಹದಿನೈದು ವರ್ಷಗಳಲ್ಲಿ ಸುಮಾರು 90,000ದಿಂದ 30,000ದ ಆಸುಪಾಸಿಗೆ ಕುಸಿಯಿತು. ಇತ್ತ 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟನ್ ಕಂಪನಿಯನ್ನು ಸ್ಥಾಪಿಸಿ, ಹೊಸೂರಿನ ಕಾರ್ಖಾನೆಯಿಂದ ಅಂದವಾದ ಕ್ವಾರ್ಟ್ಸ್ ಗಡಿಯಾರಗಳನ್ನು ಹೊರತಂದವು. ಎಚ್‌.ಎಂ.ಟಿ.ಯೂ ಕ್ವಾರ್ಟ್ಸ್ ಮಾಡಲಿಲ್ಲವೆಂದಲ್ಲ; ಮಾಡಿತು. ಆದರೆ ಬೇಡಿಕೆಯೇ ತನ್ನನ್ನು ಹುಡುಕಿಕೊಂಡು ಬರುತ್ತಿದ್ದ ಕಾಲದ ಅಭ್ಯಾಸವನ್ನು ಅದು ಬಿಡಲಾರದೆ ಹೋಯಿತು. ಗಿರಾಕಿ ಕಾಯುತ್ತಾನೆಂಬ ನಂಬಿಕೆಯ ಸಂಸ್ಥೆ, ಚಾವಿ ತಾನಾಗಿಯೇ ಬೀಳುತ್ತದೆಂದು ನಂಬಿದವನ ಗಡಿಯಾರದಂತೆ, ಕೂಡಿಟ್ಟದ್ದು ಮುಗಿಯುವವರೆಗೆ ನಡೆಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ನೆಲವು ಬಾಹ್ಯಾಕಾಶ ಸಂಸ್ಥೆಯ ಪಾಲಿಗೆ ಹೋಯಿತು. ಮಾತೃಸಂಸ್ಥೆಯು ಆಮೇಲೆಯೂ ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ಗಡಿಯಾರಗಳನ್ನು ಮಾರಿತಾದರೂ ಆ ಯುಗ ಮುಗಿದುಹೋಗಿತ್ತು.

ಮುಗಿದದ್ದಕ್ಕೆ ಬೆಲೆ ಏರುವುದು ಲೋಕರೂಢಿ. ಹಾಗೆ ಬೆಲೆ ಏರಿದಲ್ಲಿ ಕಪಟವೂ ಬರುತ್ತದೆ. ಹಳೆಯ ಎಚ್‌.ಎಂ.ಟಿ. ಎಂದು ಇಂದು ಮಾರಾಟವಾಗುವ ಗಡಿಯಾರಗಳಲ್ಲಿ ಎಷ್ಟೋ ಗಡಿಯಾರಗಳ ಮುಖಕ್ಕೆ ಹೊಸದಾಗಿ ಬಣ್ಣ ಬಳಿದು, ಕಾರ್ಖಾನೆ ಎಂದೂ ಮಾಡದ ನೀಲಿ, ಹಸಿರು, ಕೆಂಪುಗಳಲ್ಲಿ ಅಕ್ಷರಗಳನ್ನು ಅಚ್ಚೊತ್ತಿರುತ್ತಾರೆ. ಒಂದರ ಯಂತ್ರ, ಇನ್ನೊಂದರ ಕವಚ, ಮತ್ತೊಂದರ ಮುಳ್ಳು ಕೂಡಿಸಿ ನಿಲ್ಲಿಸಿರುತ್ತಾರೆ. ಮುಖದ ಮೇಲೆ ಆಟೋಮ್ಯಾಟಿಕ್ ಎಂದಿದ್ದು ಒಳಗೆ ಚಾವಿಯ ಯಂತ್ರವಿರುವುದೂ ಉಂಟು. ಹಳೆಯ ವಿದ್ಯಾರ್ಥಿಗಳು ಗುರುಗಳಿಗೆಂದು ಕೊಳ್ಳುವಾಗ ಅಕ್ಷರಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಹಿಂಜಿದಂತೆ, ದಪ್ಪವಾಗಿ ಕಂಡರೆ ಸಂಶಯಪಡಬೇಕು. ಕಿವಿಯ ಬಳಿ ಹಿಡಿದು ಮೆಲ್ಲನೆ ಅಲುಗಿಸಿದರೆ ಗುಂಡು ತಿರುಗುವ ಮೃದುವಾದ ಗರಗರ ಕೇಳಬೇಕು. ಅದು ಕೇಳದಿದ್ದರೆ ಒಳಗೆ ಗುಂಡಿಲ್ಲ, ಅಥವಾ ಇದ್ದದ್ದು ಸಿಕ್ಕಿಕೊಂಡಿದೆ. ಇಷ್ಟು ಜಾಗ್ರತೆ ಸಾಲದಿದ್ದರೆ, ಬೆಲೆ ತೀರ ಅಗ್ಗವಾಗಿರುವುದೇ ಸಾಕ್ಷಿ.

ದಾನಿ ಮಹನೀಯರಲ್ಲಿಯೂ ಒಂದು ವಿಜ್ಞಾಪನೆಯಿದೆ. ಗೋಡೆ ಗಡಿಯಾರಗಳನ್ನು ದಾನ ಮಾಡುವ ಪದ್ಧತಿ ನಮ್ಮಲ್ಲಿ ಹೇರಳವಾಗಿದೆ. ತಂದೆತಾಯಿಗಳ ಸ್ಮರಣಾರ್ಥ, ಮಗನ ಉತ್ತೀರ್ಣತೆಯ ಸಂತೋಷಾರ್ಥ ಎಂದು ಮುಖದ ಮೇಲೆ ಬರೆಸಿದ ಗಡಿಯಾರಗಳು ಎಷ್ಟೋ ಶಾಲೆಗಳಲ್ಲಿ ಕೊಠಡಿಗೊಂದರಂತೆ ತೂಗುತ್ತಿವೆ. ಒಂದರಲ್ಲಿ ಹತ್ತೂವರೆ, ಪಕ್ಕದ ಕೊಠಡಿಯಲ್ಲಿ ನಾಲ್ಕು ಗಂಟೆ, ಕಾರ್ಯಾಲಯದಲ್ಲಿ ಯಾವ ದಿನದ್ದೋ ಮಧ್ಯರಾತ್ರಿ. ಗಡಿಯಾರ ಕೊಡಲು ಹತ್ತು ಜನ ಮುಂದೆ ಬರುತ್ತಾರೆ. ಬ್ಯಾಟರಿ ಕೊಡಲು ಒಬ್ಬರೂ ಬರುವುದಿಲ್ಲ, ಬ್ಯಾಟರಿಯ ಮೇಲೆ ಹೆಸರು ಬರೆಸಲಾಗುವುದಿಲ್ಲವಲ್ಲ! ಕಟ್ಟಡ, ಪ್ರಯೋಗಶಾಲೆ, ಗ್ರಂಥಾಲಯಗಳ ವಿಷಯದಲ್ಲಿಯೂ ಇದೇ ಕಥೆ. ಕೊಡುಗೆಯೊಡನೆ ಅದರ ವರ್ಷವರ್ಷದ ಸಂರಕ್ಷಣೆಗೂ ಒಂದಿಷ್ಟು ತೆಗೆದಿರಿಸುವುದು ದಾನದ ಭಾಗವೇ ಆಗಬೇಕೆಂದು ನಾನು ಬಿನ್ನವಿಸುತ್ತೇನೆ.

ಹಾಗಾದರೆ ಆಟೋಮ್ಯಾಟಿಕ್ ಗಡಿಯಾರದಿಂದ ಶಾಲೆಗೆ ಪ್ರಯೋಜನವೇನು? ಸಮಯ ನೋಡಲು ಅದು ಬೇಡ. ಘಂಟೆ ಬಾರಿಸಲು ಕ್ವಾರ್ಟ್ಸ್ ಗಡಿಯಾರವೇ ಯೋಗ್ಯ. ಇದರಲ್ಲಿ ಭಾವುಕತೆಗೆ ಎಡೆಯಿಲ್ಲ. ಆದರೆ ಕ್ವಾರ್ಟ್ಸನ್ನು ಬಿಚ್ಚಿದರೆ ಮಗುವಿಗೆ ಕಾಣುವುದು ಒಂದು ಪುಟ್ಟ ಹಲಗೆ, ಒಂದು ಸುರುಳಿ ತಂತಿ, ಕಪ್ಪು ಚುಕ್ಕೆ. ಕೆಲಸ ನಡೆಯುವುದು ಕಣ್ಣಿಗೆ ಕಾಣದು. ಆಟೋಮ್ಯಾಟಿಕ್‌ನಲ್ಲಿ ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಗುಂಡು ಜಾರುವುದರಲ್ಲಿ ಗುರುತ್ವ, ಸ್ಪ್ರಿಂಗಿನಲ್ಲಿ ಶಕ್ತಿಯ ಸಂಚಯ, ಹಲ್ಲುಚಕ್ರಗಳಲ್ಲಿ ಅನುಪಾತ, ಹರಳುಗಳಲ್ಲಿ ಘರ್ಷಣೆ, ತೂಗುಚಕ್ರದಲ್ಲಿ ಆವರ್ತನ. ಎಂಟನೆಯ ತರಗತಿಯಿಂದ ಹತ್ತನೆಯದರವರೆಗಿನ ಭೌತವಿಜ್ಞಾನದ ಅರ್ಧ ಪಾಠಗಳು ಒಂದು ರೂಪಾಯಿಯ ನಾಣ್ಯದಷ್ಟು ಅಗಲದ ಜಾಗದಲ್ಲಿ ಕುಳಿತಿವೆ. ರೇಡಿಯೋದ ಧ್ವನಿವರ್ಧಕದ ಬಳಿ ಇಟ್ಟ ಗಡಿಯಾರ ಏಕೆ ವೇಗವಾಗಿ ಓಡುತ್ತದೆ ಎಂದು ಕೇಳಿದರೆ, ಅಯಸ್ಕಾಂತವು ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳನ್ನು ಒಂದಕ್ಕೊಂದು ಅಂಟಿಸುತ್ತದೆಂಬ ಉತ್ತರವನ್ನು ಮಕ್ಕಳು ತಾವೇ ಕಂಡುಹಿಡಿಯಬಲ್ಲರು. ಇನ್ನೊಂದು ಪ್ರಯೋಗವೂ ಉಂಟು. ಅಂಗಳದಲ್ಲಿ ಕೋಲು ನೆಟ್ಟು ನೆರಳು ಅತ್ಯಂತ ಗಿಡ್ಡವಾಗುವ ಕ್ಷಣವನ್ನು ಗುರುತಿಸಿ ಗಡಿಯಾರ ನೋಡಿದರೆ ಹನ್ನೆರಡಾಗಿರುವುದಿಲ್ಲ. ಸರಾಸರಿ ಹನ್ನೆರಡೂ ಇಪ್ಪತ್ತೈದರ ಸುಮಾರಾಗಿರುತ್ತದೆ, ಋತುವಿಗೆ ತಕ್ಕಂತೆ ಹದಿನೈದು ನಿಮಿಷದವರೆಗೆ ಹಿಂದೆ ಮುಂದೆ. ದೇಶಕ್ಕೆಲ್ಲ ಒಂದೇ ಆದ ಕಾಲಮಾನವು ನಮಗಿಂತ ಆರು ಡಿಗ್ರಿ ಪೂರ್ವದ ರೇಖೆಯನ್ನು ಆಧರಿಸಿದ್ದೆಂಬ ಭೂಗೋಳದ ಪಾಠ ಅಲ್ಲಿಂದ ಹೊರಡುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಬಿಚ್ಚಿದ್ದನ್ನು ಮತ್ತೆ ಕೂಡಿಸಬಹುದೆಂಬ ಧೈರ್ಯ ಅದರಿಂದ ಬರುತ್ತದೆ. ಕೆಟ್ಟದ್ದನ್ನು ಎಸೆದು ಹೊಸತನ್ನು ತರುವುದೇ ಜಾಣತನವೆಂದು ನಮ್ಮ ಮಕ್ಕಳು ಕಲಿಯುತ್ತಿರುವ ಕಾಲ ಇದು. ಕೈಗೆ ಕಟ್ಟುವ ಹೊಸ ಸ್ಮಾರ್ಟ್ ವಾಚುಗಳು ನಾಡಿ ಎಣಿಸುತ್ತವೆ, ಹೆಜ್ಜೆ ಎಣಿಸುತ್ತವೆ. ಆ ಹೆಜ್ಜೆಗಳಿಂದಲೇ ನಡೆಯುವ ಸಾಮರ್ಥ್ಯ ಮಾತ್ರ ಅವಕ್ಕಿಲ್ಲ, ರಾತ್ರಿ ಗೋಡೆಯ ವಿದ್ಯುತ್ತಿಗೆ ಸಿಕ್ಕಿಸಲೇಬೇಕು. ಗುಂಡಿನ ತಿರುಗಾಟದಿಂದ ಸ್ಪ್ರಿಂಗಿನ ಬದಲು ವಿದ್ಯುತ್ತನ್ನೇ ಉತ್ಪಾದಿಸಿ ಕ್ವಾರ್ಟ್ಸನ್ನು ನಡೆಸುವ ಗಡಿಯಾರವನ್ನು ಸೈಕೋ ಕಂಪನಿ 1988ರಲ್ಲಿಯೇ ಮಾರಿತು. ಎರಡು ವಿದ್ಯೆಗಳೂ ಒಂದಾಗಬಲ್ಲವೆಂಬುದಕ್ಕೆ ಇದು ಸಾಕ್ಷಿ. ಅಂಥದನ್ನು ಮುಂದೆ ಕಲ್ಪಿಸುವ ಮಗು ಭೀಮೆಯ ದಂಡೆಯ ಶಾಲೆಯಿಂದ ಏಕೆ ಬರಬಾರದು? ಬರಬೇಕಾದರೆ ಅದರ ಕೈಗೆ ಮೊದಲು ಒಂದು ಕೆಟ್ಟ ಗಡಿಯಾರ ಸಿಗಬೇಕು. ಹತ್ತಿರ ಕುಳಿತು ತೋರಿಸಿಕೊಡುವ ಬಲ್ಲವರೊಬ್ಬರಿರಬೇಕು.

ಆದ್ದರಿಂದ ನನ್ನ ಸೂಚನೆ ಇಷ್ಟು. ನಮ್ಮ ಹಳ್ಳಿಗಳ ಪೆಟ್ಟಿಗೆ, ಕಪಾಟುಗಳಲ್ಲಿ ನಿಂತುಹೋದ ಆಟೋಮ್ಯಾಟಿಕ್ ಗಡಿಯಾರಗಳು ಬಹಳಷ್ಟಿವೆ. ಊರೂರು ತಿರುಗಿ ಹಳೆಯ ಗಡಿಯಾರ ಕೊಳ್ಳುವವರು ಇವನ್ನು ಇನ್ನೂರು ಮುನ್ನೂರಕ್ಕೆ ಒಯ್ಯುತ್ತಿದ್ದಾರೆ. ಅವರಿಗೆ ಮಾರುವ ಬದಲು ಶಾಲೆಗೆ ಕೊಡಿರಿ. ವಿಜ್ಞಾನದ ಕೊಠಡಿಯಲ್ಲಿ ಕಿಟಕಿಯ ಬೆಳಕು ಬೀಳುವ ಕಡೆ ಒಂದು ಮೇಜು, ಎರಡು ಭೂತಗನ್ನಡಿ, ಕೆಲವು ಸಣ್ಣ ತಿರುಪುಳಿ, ಚಿಮುಟ, ಧೂಳು ಬೀಳದಂತೆ ಮುಚ್ಚಲು ಗಾಜಿನ ಬಟ್ಟಲು ಇದ್ದರೆ ಸಾಕು. ದಾನಿಗಳಿಗೆ ಗೋಡೆ ಗಡಿಯಾರದ ಬೆಲೆಗಿಂತ ಬಹಳ ಹೆಚ್ಚೇನೂ ಬೀಳದು. ಈ ವಿದ್ಯೆ ಬಲ್ಲ ಹಿರಿಯ ರಿಪೇರಿಯವರು ಕಲಬುರಗಿ, ಸೊಲ್ಲಾಪುರಗಳ ಕಡೆ ಈಗಲೂ ಸಿಕ್ಕಾರು. ತಿಂಗಳಿಗೆ ಎರಡು ಶನಿವಾರ ಅವರನ್ನು ಗೌರವಧನ ಕೊಟ್ಟು ಕರೆಯಿಸಬೇಕು. ಅತಿಥಿ ಉಪನ್ಯಾಸಕರಿಗೆ ಹಾಕುವ ಕುರ್ಚಿಯನ್ನೇ ಅವರಿಗೂ ಹಾಕಬೇಕು. ಇದು ಐದಾರು ವರ್ಷಗಳೊಳಗೆ ಆಗಬೇಕಾದ ಕೆಲಸ. ಆ ಬೆರಳುಗಳಿಗೆ ವಯಸ್ಸಾಗುತ್ತಿದೆ.

ಗುರುಗಳಿಗೆ ಈಗಾಗಲೇ ಆಟೋಮ್ಯಾಟಿಕ್ ಕೊಟ್ಟವರೂ ಪಡೆದವರೂ ಚಿಂತಿಸಬೇಕಾಗಿಲ್ಲ. 8200 ಕುಲದ ಯಂತ್ರಗಳಿಗೆ ತಿರುಪಿನಿಂದಲೂ ಚಾವಿ ಕೊಡಬಹುದು. ಬೆಳಗಿನ ಸ್ನಾನವಾದ ಮೇಲೆ ಇಪ್ಪತ್ತು ಮೂವತ್ತು ಸುತ್ತು ಕೊಟ್ಟರೆ ಕಟ್ಟೆಯ ಮೇಲೆ ಕುಳಿತವರ ಕೈಯಲ್ಲಿಯೂ ಅದು ಮರುದಿನದವರೆಗೆ ನಡೆಯುತ್ತದೆ. ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗೆ ವಾರ, ತಾರೀಖುಗಳನ್ನು ಬದಲಿಸಬಾರದು. ಆ ವೇಳೆಯಲ್ಲಿ ಅದರ ಹಲ್ಲುಗಳು ತಾವೇ ಕೆಲಸದಲ್ಲಿ ತೊಡಗಿರುತ್ತವೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ ಎಣ್ಣೆ ಹಾಕಿಸಬೇಕು. ಶಾಲೆಗೆ ತಂದುಕೊಡುವವರು ಮನೆಯಲ್ಲಿ ಮುಚ್ಚಳ ತೆರೆಯಲು ಯತ್ನಿಸದೆ, ನಿಂತ ಮುಳ್ಳುಗಳನ್ನು ತಿರುಗಿಸದೆ, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಯಾರ ಕೈಯಲ್ಲಿತ್ತು, ಎಷ್ಟು ವರ್ಷ ನಡೆಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟು ತರಬೇಕಾಗಿ ವಿನಂತಿ.